ಹಳದಿ ಬೋರ್ಡಿನ ಜೀಪು

ವಿರಾಜಪೇಟೆ
ಭಾನುವಾರ, 12 ಜನವರಿ 2025

ಪ್ರೀತಿಯ ತಮ್ಮ ಪ್ರವೀಣನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಬಾಳೆಲೆಯ ಎಸ್ಟೇಟಿನಲ್ಲಿ ಜೀಪಿನ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ನೀನು ಬರೀ ಚಾಪೆಯ ಮೇಲೆ ಮಲಗುತ್ತೀ ಎಂದು ಕಮಲ ಹೇಳಿದಳು. ಅವಳು ನಾಳೆ ಬಸ್ಸಿನಲ್ಲಿ ಕಳಿಸುವ ಚೀಲದಲ್ಲಿ ದಪ್ಪ ಹಾಸಿಗೆ ಬಟ್ಟೆ ಇಟ್ಟಿದ್ದೇನೆ, ಎಳೆ ಬಿದಿರಿನ ಕಣಿಲೆ ಉಪ್ಪಿನಕಾಯಿಯೂ ಇದೆ. ಮುಚ್ಚಳ ಸಡಿಲ, ನೋಡಿಕೊಂಡು ತೆಗೆ. ಫೋನಿನಲ್ಲಿ ನೀನು "ಹ್ಞೂಂ ಅಕ್ಕ, ಸರಿ ಅಕ್ಕ" ಎಂದು ಮುಗಿಸಿಬಿಡುತ್ತೀ. ನನಗೂ ಅದೇ ಅನುಕೂಲವಾಗಿತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ಮೋನಿಷಾ ಸಂಜೆ ನಿಮ್ಮ ಮನೆಯಿಂದ ಬೇಲಿ ದಾಟಿ ಬಂದು ನನ್ನ ಮೇಜಿನಲ್ಲಿ ಕುಳಿತು ಓದುತ್ತಾಳೆ. ಹುತ್ತರಿಯ ದಿನ ಕದಿರು ಕಟ್ಟುವಾಗ, "ಅಪ್ಪ ಹುತ್ತರಿಗೂ ಬರೋದಿಲ್ವಾ ಅತ್ತೆ?" ಎಂದು ಕೇಳಿದಳು. ಕಾಫಿ ಪಿಕ್ಕಿಂಗ್ ಸಮಯ, ಡ್ರೈವರಿಗೆ ರಜೆ ಸಿಗುವುದಿಲ್ಲ ಎಂದೆ. ಕಮಲ ನನ್ನ ಮುಖ ನೋಡದೆ, "ಎಂಥ ಮಾಡ್ದು ಅತ್ತಿಗೆ, ಗಾಡಿ ನಿಲ್ಲಿಸೋಕೆ ಜಾಗ ಇಲ್ಲದ ಊರಿಗೆ ಅವರು ಯಾಕೆ ಬರ್ತಾರೆ" ಎಂದು ಪಾಯಸ ಕಲಕುತ್ತಿದ್ದಳು. ಆ ಮಾತು ನನಗೆ ಎಲ್ಲಿ ತಾಗಿತೆಂದು ಅವಳಿಗೆ ತಿಳಿಯದು.

ಪ್ರವೀಣಾ, ನಮ್ಮ ಬಡಾವಣೆಯಲ್ಲಿ ಹಳದಿ ಬೋರ್ಡಿನ ವಾಹನ ನಿಲ್ಲಿಸಬಾರದೆಂದು ಅಕ್ಟೋಬರಿನಲ್ಲಿ ಸಂಘ ನಿಯಮ ಮಾಡಿತಲ್ಲ, ಅದಕ್ಕಾಗಿ ಕೊಟ್ಟ ಮನವಿ ಬರೆದವಳು ನಾನು. ಎದುರುಮನೆಯ ರೇಣುಕಪ್ರಸಾದರ ಕ್ಯಾರವಾನ್, ಆ ಮನೆಯಷ್ಟು ದೊಡ್ಡ ಪ್ರವಾಸದ ವ್ಯಾನು, ನನ್ನ ಕಿಟಕಿಗೆ ಅಡ್ಡ ನಿಂತು ತಿಂಗಳಾಗಿತ್ತು. ಕೋಣೆಯಲ್ಲಿ ಹಗಲಲ್ಲೂ ದೀಪ ಹಾಕಬೇಕಿತ್ತು. ಅದರ ಹಿಂದೆ ಹೋಂಸ್ಟೇಗೆ ಬರುವವರ ಟೆಂಪೋಗಳು, ರಸ್ತೆಯಲ್ಲೇ ಒಲೆ ಹೂಡಿ ಹಾಡು ಹಾಕಿಕೊಂಡು ಕುಣಿಯುವವರು. ಓಣಿಯವರೆಲ್ಲ "ಕನ್ನಡ ಎಂಎ ಮಾಡಿದವರು ನೀವೇ ಬರೀಬೇಕು ಟೀಚರೇ" ಎಂದು ಬಂದು ಕುಳಿತರು. ನನಗೆ ಹೆಮ್ಮೆಯೂ ಆಯಿತು. ಎರಡು ಪುಟ ಬರೆದೆ. ಪ್ರವಾಸಿಗರ ಗಾಡಿ ಎಂದರೆ ಹಳದಿ ಬೋರ್ಡು ಎಂದೇ ನನ್ನ ತಲೆಯಲ್ಲಿದ್ದದ್ದು. ಕ್ಯಾರವಾನ್ ಸ್ವಂತ ಗಾಡಿ, ಅದಕ್ಕೆ ಬಿಳಿ ಬೋರ್ಡು ಎಂಬುದನ್ನು ನಾನು ಒಂದು ಸಲವೂ ಹಿಂದೆ ಹೋಗಿ ನೋಡಿರಲಿಲ್ಲ. ಅದು ಇಂದಿಗೂ ಅಲ್ಲೇ ನಿಂತಿದೆ. ಕೂಲಿಯವರನ್ನು ತೋಟಕ್ಕೆ ಸಾಗಿಸುವ ನಿನ್ನ ಬಾಡಿಗೆ ಜೀಪು ಮಾತ್ರ ಓಣಿಯಿಂದ ಹೊರಗೆ ಹೋಯಿತು. ಬರೆಯುವಾಗ ಅದು ನೆನಪಿಗೇ ಬರಲಿಲ್ಲ, ತಮ್ಮ.

ಆದರೆ ಸಭೆಯಲ್ಲಿ ನೆನಪಿಸಿದವನೊಬ್ಬ ಇದ್ದ. ನಿನ್ನ ಗೆಳೆಯ, ಗ್ಯಾರೇಜಿನ ಧರ್ಮೇಶ. ಸಂಘದ ಕಾರ್ಯದರ್ಶಿಯಾಗಿ ಮನವಿ ಓದುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, "ತಾರಕ್ಕ, ನಮ್ಮ ಪ್ರವೀಣನ ಜೀಪೂ ಹಳದಿ ಬೋರ್ಡೇ ಅಲ್ವಾ? ಊರವರ ಗಾಡಿ ಬಿಟ್ಟು ಅಂತ ಒಂದು ಸಾಲು ಸೇರಿಸುವಾ?" ಎಂದ. ಒಂದು ಸಾಲು. ಪೆನ್ನು ನನ್ನ ಕೈಯಲ್ಲೇ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಮ್ಮನಿಗೊಂದು, ಊರಿಗೊಂದು ಎಂದು ಯಾರಾದರೂ ಆಡಿಕೊಂಡಾರು ಎನಿಸಿ, "ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ" ಎಂದುಬಿಟ್ಟೆ. ಚಪ್ಪಾಳೆ ತಟ್ಟಿದರು. ಧರ್ಮೇಶ ಮಾತ್ರ ತಟ್ಟಲಿಲ್ಲ.

ಮುಂದಿನದು ನಿನಗೆ ಗೊತ್ತು. ಗಾಜಿಗೆ ಅಂಟಿಸಿದ ನೋಟಿಸಿನಲ್ಲಿ ಅವನ ಸಹಿ ಇತ್ತು. ಜೀಪನ್ನು ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿ, ದಿನಾ ಅಷ್ಟು ದೂರ ಕತ್ತಲಲ್ಲಿ ನಡೆದು ಹೋಗಿ, ನೀನು ಎರಡು ದಿನ ತಡವಾದದ್ದಕ್ಕೆ ಬಿಟ್ಟಂಗಾಲದ ತೋಟದ ಲೆಕ್ಕ ನೋಡುವ ರೈಟರ್ ಬೇರೆ ಜೀಪು ಗೊತ್ತು ಮಾಡಿಕೊಂಡ. ಆ ಸಂಜೆ ನೀನು ನಡುರಸ್ತೆಯಲ್ಲಿ ಧರ್ಮೇಶನ ಕಾಲರ್ ಹಿಡಿದು, "ಒಂದೇ ಬೆಂಚಲ್ಲಿ ಕೂತವ ನೀನು ಮಾರಾಯ, ನನ್ನ ಹೊಟ್ಟೆಗೇ ಹೊಡೆದೆಯಲ್ಲ!" ಎಂದು ಕೂಗಿದೆ. ನಾನು ಜಗಲಿಯಲ್ಲಿದ್ದೆ. ಅವನು ಒಂದೇ ಒಂದು ಸಲ ನನ್ನ ಕಡೆ ನೋಡಿದ. ನಾನು ಹೇಳುತ್ತೇನೆಂದು ಕಾದನೋ ಏನೋ. ನಾನು ಹಾಲು ಕಾಯಿಸಲು ಒಳಗೆ ಹೋದೆ. ಆ ವಾರವೇ ನೀನು ಜೀಪಿನೊಂದಿಗೆ ಬಾಳೆಲೆಯ ಕೆಲಸಕ್ಕೆ ಹೊರಟೆ. ಅಂದಿನಿಂದ ಈವರೆಗೆ ಅವನು ನಿನಗಾಗಲಿ ಕಮಲಳಿಗಾಗಲಿ ನನ್ನ ಹೆಸರು ಹೇಳಿಲ್ಲ; ಸಭೆಯಲ್ಲಿದ್ದ ಉಳಿದವರೂ ಅಕ್ಕ ತಮ್ಮನ ನಡುವೆ ನಮಗೇಕೆ ಎಂದು ಬಾಯಿ ಬಿಟ್ಟಿಲ್ಲ. ಗ್ಯಾರೇಜಿನ ಮುಂದೆ ನಾನು ಹಾದುಹೋದರೆ ಈಗಲೂ ಎದ್ದು ನಿಂತು "ಕಾಲೇಜಿಗಾ ತಾರಕ್ಕ?" ಎನ್ನುತ್ತಾನೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇವತ್ತು ಬೆಳಿಗ್ಗೆ ಸಂಘದ ಸಭೆಯಿತ್ತು. ಎದ್ದು ನಿಂತು, ಹಾಗೆ ಬರೆದದ್ದೂ ಸಾಲು ಸೇರಿಸಲು ಬಿಡದದ್ದೂ ನನ್ನದೇ ತಪ್ಪು, ಈಗಲಾದರೂ ಆ ಸಾಲು ಸೇರಿಸಿ ಎಂದು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ರೇಣುಕಪ್ರಸಾದರು "ಆಗಾಗ ನಿಯಮ ಬದಲಾಯಿಸ್ತಾ ಕೂರೋಕಾಗುತ್ತಾ ಟೀಚರೇ?" ಎಂದರು. ಮುಂದಿನ ತಿಂಗಳಿಗೆ ಮುಂದೂಡಿದ್ದಾರೆ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಸ್ವಂತ ಕಾಂಪೌಂಡಿನ ಒಳಗೆ ನಿಲ್ಲಿಸಲು ಅಡ್ಡಿಯಿಲ್ಲವಂತೆ. ನನ್ನ ಮನೆಯ ಗೇಟಿನ ಒಂದು ಕಂಬ ಕೆಡವಿದರೆ ಜೀಪು ಒಳಗೆ ಬರುತ್ತದೆ. ಅಳತೆ ಹಿಡಿದು ನೋಡಿದೆ. ಗುರುವಾರ ಮೇಸ್ತ್ರಿ ಬರುತ್ತಾನೆ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಾವೇರಮ್ಮ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ತಾರಾಮಣಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಚೀಲ ಕಟ್ಟಲು ಕಮಲ ಕರೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಜೀಪು ನೆನಪಿಗೇ ಬರಲಿಲ್ಲ ಎಂದೆನಲ್ಲ, ಸುಳ್ಳು. ಬೆಳಗಿನ ಜಾವ ಐದಕ್ಕೆ ನಾನು ಪದ್ಯ ಓದಲು ಕೂರುವ ಹೊತ್ತಿಗೇ ಅದು ಕೆಮ್ಮುತ್ತ ಸ್ಟಾರ್ಟ್ ಆಗುತ್ತಿತ್ತು. ದಿನದಲ್ಲಿ ನನ್ನದೆಂದು ಇದ್ದದ್ದು ಆ ಒಂದು ಗಂಟೆ. ಹಳದಿ ಬೋರ್ಡು ಎಂದು ಬರೆಯುವಾಗ ಅದು ನೆನಪಾಯಿತು, ಹೋದರೆ ಹೋಗಲಿ ಎಂದುಕೊಂಡೇ ಬರೆದೆ. ಸಭೆಯಲ್ಲಿ ಇಷ್ಟನ್ನು ಹೇಳಲು ಬಾಯಿ ಬರಲಿಲ್ಲ. ಇದನ್ನು ಓದಿದ ಮೇಲೆ ಧರ್ಮೇಶನಿಗೆ ಫೋನ್ ಮಾಡು. ನನ್ನೊಡನೆ ಮಾತಾಡುವುದು ಬಿಡುವುದು ಆಮೇಲೆ.