ಗೋಡೆಗೆ ಕುಡಿಸಿದ ಟೀ

18-11-1982, ಗುರುವಾರ

ಇವತ್ತು ಕೆಲಸ ಹೋಯ್ತು ಅಂತಲೇ ಅಂದ್ಕೊಂಡಿದ್ದೆ. ಹುತ್ರಿದುರ್ಗದ ಕೋಟೆ ಗೋಡೆಗೆ ನಾನು ಮೆತ್ತಿದ ಗಾರೆ ತೀರಾ ಬೆಳ್ಳಗೆ ಕಾಣ್ತಿತ್ತು. ಬೈತಾರೆ ಅಂತ ಹೆದರಿ, ನಿನ್ನೆ ಟೀ ಡಿಕಾಕ್ಷನ್ ಬಳಿದು ಹಳೇ ಬಣ್ಣಕ್ಕೆ ತಂದಿದ್ದೆ. ಕೋಟೆ ರಿಪೇರಿ ನೋಡ್ಕೊಳ್ಳೋಕೆ ಬಂದಿರೋ ಪೋಲೆಂಡಿನ ಆರ್ಕಿಟೆಕ್ಟ್ ಸಾಹೇಬರು ಮೂಸಿಯೇ ಕಂಡುಹಿಡಿದುಬಿಟ್ರು.

"ಗೋಡೆಗೆ ಟೀ ಕುಡಿಸಿದ್ದೀಯೇನಯ್ಯ ಮುನಾವರ್?" ಅಂತ ಮೇಸ್ತ್ರಿ ಅಣ್ಣಯ್ಯಪ್ಪನವರು ನಕ್ಕರು. ಸಾಹೇಬರು ನಗಲಿಲ್ಲ. ಅವರ ಇಂಗ್ಲಿಷನ್ನ ಮೇಸ್ತ್ರಿಯೇ ಬಿಡಿಸಿ ಹೇಳಿದ್ರು: "ತೊಳೆದುಬಿಡು ಅಂತಾರೆ ಕಣಯ್ಯ. ಹಳಬರ ಕೆಲಸ ಯಾವ್ದು, ನಿಂದು ಯಾವ್ದು ಅಂತ ನೋಡೋರಿಗೆ ಗೊತ್ತಾಗ್ಬೇಕಂತೆ. ನಾಳೆ ಮೆತ್ತೋ ಹಸಿ ಗಾರೆ ಮೇಲೆ ಇಸವಿನೂ ನೀನೇ ಬರೀಬೇಕಂತೆ, ಕನ್ನಡದಲ್ಲಿ."

ಇಪ್ಪತ್ತು ವರ್ಷದಿಂದ ಗಾರೆ ಕೆಲಸ ಮಾಡ್ತಿದೀನಿ. ನನ್ನ ಕೆಲಸ ಕಾಣಲಿ ಅಂತ ಯಾರೂ ಅಂದಿರಲಿಲ್ಲ. ಅಲ್ಲಾಹ್ ಅವರನ್ನ ಚೆನ್ನಾಗಿಟ್ಟಿರಲಿ.

ಆದ್ರೆ ಕನ್ನಡದ ಆರು ಯಾವ್ದು, ಒಂಬತ್ತು ಯಾವ್ದು ಅಂತ ನಂಗೆ ಈಗಲೂ ಗಲಿಬಿಲಿ. ಮಗಳು ಸಲೀಮಾ ಸ್ಲೇಟಲ್ಲಿ ಬರೆದುಕೊಟ್ಟು ಮಲಗಿದಾಳೆ. ಗಾರೆ ಒಣಗಿದ್ಮೇಲೆ ತಿದ್ದೋಕಾಗಲ್ಲ, ಅದಕ್ಕೇ ನೋಡ್ಕೊಂಡು ಇಲ್ಲೇ ಬರೆದು ರೂಢಿ ಮಾಡ್ಕೋತಿದೀನಿ. ೧೯೮೨. ೧೯೮೨. ೧೯