ಭಾವ ಹೊಡೆದ ಹಂದಿ

ನಮೀಬಿಯಾ, ಭಾನುವಾರ

ಅಕ್ಕಾ,

ಇಲ್ಲಿಯ ವಾರ್ಟ್‌ಹಾಗ್ ಎಂಬ ಕಾಡುಹಂದಿ ಮುಂಗಾಲು ಮಡಿಸಿ, ಮಂಡಿಯೂರಿ ಹುಲ್ಲು ಮೇಯುತ್ತದೆ. ಹಾಗೆ ಮೇಯುತ್ತಿದ್ದ ಒಂದನ್ನು ಭಾವ ನಿನ್ನೆ ಗುಂಡಿಟ್ಟು ಕೊಂದರು. ಇಲ್ಲಿನ ಬೇಟೆಗಾರರ ಪದ್ಧತಿಯಂತೆ ಸತ್ತ ಹಂದಿಯ ಬಾಯಿಗೆ ಕೊನೆಯ ತುತ್ತೆಂದು ಹಸಿರು ಚಿಗುರಿಟ್ಟು, ಟೋಪಿ ತೆಗೆದು ನಿಂತರು. ಅಲ್ಲಿ ಊರಲ್ಲಿ ರಾಗಿ ಹೊಲಕ್ಕೆ ನುಗ್ಗಿದ ಹಂದಿಯನ್ನು ಹೊಡೆದ ಸಾನಮಾವಿನ ತಿಮ್ಮರಾಯಪ್ಪನ ಮೇಲೆ ಸಾಕ್ಷಿ ಹೇಳಿ, ಅವನನ್ನು ಜೈಲಿಗೆ ಕಳಿಸಿದವರೂ ಇವರೇ.

ಈಗ ಪರವಾನಗಿಯಿಲ್ಲದೆ ಕೋರೆಹಲ್ಲು ಊರಿಗೆ ತರುತ್ತಾರಂತೆ. “ನಿನ್ ಪೆಟ್ಟಿಗೇಲಿ ಇಟ್ಕೊ ಕಣ್ಲಾ, ಯಾವನು ನೋಡ್ತಾನೆ?” ಎಂದರು.

“ತಿಮ್ಮರಾಯಪ್ಪನೂ ಹಂಗೇ ಅಂದ್ಕೊಂಡಿದ್ದ, ನೀವು ನೋಡಿದ್ರಿ” ಎಂದೆ.

ಮಾತು ಬಿಟ್ಟಿದ್ದಾರೆ. ಹಲ್ಲು ಅವರ ಪೆಟ್ಟಿಗೆಯಲ್ಲೇ ಇದೆ. ಗುರುವಾರ ವಿಮಾನ ನಿಲ್ದಾಣದಿಂದ ನಾನೊಬ್ಬನೇ ಹೊರಬಂದರೆ ಗಾಬರಿಯಾಗಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅವರ ಜೇಬಿಗೆ ಹಾಕಿಯೇ ಬಂದಿರುತ್ತೇನೆ.

ಶ್ರೀವತ್ಸ