ಮೆರಿಡಾದ ಚೌಕದಲ್ಲಿ ಪ್ರದಕ್ಷಿಣೆ

ಜರ್ಸಿ ಸಿಟಿ
೯ ಮಾರ್ಚ್ ೧೯೭೪

ಪೂಜ್ಯ ತ್ರಿಪುರಸುಂದರಿ ಅತ್ತಿಗೆಯವರಿಗೆ ಕೇಶವಮೂರ್ತಿಯ ನಮಸ್ಕಾರಗಳು.

ನೀವು ಕಳಿಸಿದ ಹುಡುಗಿಯ ಜಾತಕವನ್ನು ಇದರೊಡನೆ ವಾಪಸು ಕಳಿಸುತ್ತಿದ್ದೇನೆ. ನಿಮ್ಮ ತಂಗಿ ಪದ್ಮಜಾ ತೀರಿಕೊಂಡು ವರ್ಷವಾಯಿತು, ಇನ್ನೊಂದು ಮದುವೆಯಾಗಿ ಎಂದು ನೀವೇ ಬರೆದದ್ದು ದೊಡ್ಡ ಮನಸ್ಸು. ಜಾತಕದಲ್ಲಿ ದೋಷವಿಲ್ಲ, ದೋಷವೆಲ್ಲ ವರನದು.

ಕಳೆದ ವಾರ ರಜೆ ಹಾಕಿ ಮೆಕ್ಸಿಕೋದ ಮೆರಿಡಾಕ್ಕೆ ಹೋಗಿದ್ದೆ. ಪದ್ಮಜಾ ಫ್ರಿಜ್ಜಿನ ಮೇಲೆ ಚಿತ್ರ ಅಂಟಿಸಿಟ್ಟಿದ್ದ ಊರು. ಸ್ಪೇನಿನವರು ಕಟ್ಟಿದ ಹಳೆಯ ಚೌಕ. ಒಂದು ಬದಿಗೆ ಭಾರೀ ಇಗರ್ಜಿ, ನಡುವೆ ಮರಗಳ ನೆರಳು. ಸಂಜೆ ಊರವರೆಲ್ಲ ಅದನ್ನು ಸುತ್ತುತ್ತಿದ್ದರು. ಸುತ್ತುವುದೆಂದರೆ ನಮಗೆ ಪ್ರದಕ್ಷಿಣೆ ತಾನೇ? ನಾನೂ ಭಕ್ತಿಯಿಂದ ಹೊರಟೆ. ನೋಡಿದರೆ ಹಿಂದೆ ಮುಂದೆ ಬರೀ ಹೆಂಗಸರು, ಅವರಿಗೆಲ್ಲ ನಗುವೋ ನಗು! ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ಬಂದು, ನನ್ನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿ, ಅರೆಬರೆ ಇಂಗ್ಲಿಷಿನಲ್ಲಿ ಗದರಿದರು: “ಹೆಂಗಸರು ಈ ಕಡೆಯಿಂದ, ಗಂಡಸರು ಆ ಕಡೆಯಿಂದ. ಇಲ್ಲದಿದ್ದರೆ ಮುಖ ನೋಡೋದು ಹೇಗಪ್ಪಾ?”

ಆಮೇಲೆ ಅಪ್ರದಕ್ಷಿಣೆಯಾಗಿ ಐದು ಸುತ್ತು ಹಾಕಿದೆ. ಎದುರು ಬಂದ ಒಂದೊಂದು ಮುಖವನ್ನೂ ನೋಡಿದೆ. ಚೆಲುವೆಯರಿಗೇನೂ ಕೊರತೆಯಿರಲಿಲ್ಲ. ಆದರೆ ಪ್ರತಿ ಮೂಲೆ ತಿರುಗುವಾಗಲೂ ಈಗ ಪದ್ಮಜಾ ಎದುರಾದಾಳು, “ಯಾಕ್ರೀ ಇಷ್ಟು ನಿಧಾನ, ಮತ್ತೆ ಮಂಡಿ ನೋವಾ?” ಅಂದಾಳು ಎಂದುಕೊಂಡೇ ನಡೆದೆ.

ಇಂಥವನಿಗೆ ಹೆಣ್ಣು ಕೊಡಬಾರದು, ಅತ್ತಿಗೆ. ಅವರ ಮನೆಗೆ ನೀವೇ ಮೆತ್ತಗೆ ತಿಳಿಸಿಬಿಡಿ.

ಇಂತಿ,
ನಿಮ್ಮ ತಂಗಿಯ ಗಂಡ
ಕೇಶವಮೂರ್ತಿ